ಕಾಲಡಿಯ ಬಿಸಿ, ಬ್ಯಾರನ್ನಿನ ಬಿಸಿ

ಆಗಸ್ಟ್ ತಿಂಗಳ ರಾತ್ರಿ ಹುಣಸೂರಿನಿಂದ ಹನಗೋಡಿನ ಕಡೆಗೋ ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆಗೋ ಹೊರಟರೆ, ಜಿಟಿಜಿಟಿ ಮಳೆಯ ಕತ್ತಲಲ್ಲಿ ಅಲ್ಲಲ್ಲಿ ಕೆಂಪಗೆ ಉರಿಯುವ ಒಲೆಬಾಯಿಗಳು ಕಾಣುತ್ತವೆ. ವರ್ಜೀನಿಯಾ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳವು. ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲದ ಎತ್ತರದ ಕೋಣೆ. ಒಳಗೆ ಕಡ್ಡಿಗಳಿಗೆ ಕಟ್ಟಿ ಅಂತಸ್ತು ಅಂತಸ್ತಾಗಿ ಇಳಿಬಿಟ್ಟ ಹಸಿ ಎಲೆ, ನೆಲದ ಮೇಲೆ ಸುತ್ತು ಹಾಕಿದ ತಗಡಿನ ಕೊಳವೆ, ಗೋಡೆಯಾಚೆ ಒಲೆ, ಮೇಲೆ ಹೊಗೆ ಚಿಮಣಿ. ಬೆಳೆಗಾರ ರಾತ್ರಿಗೆ ಎರಡು ಮೂರು ಸಲ ಏಳುತ್ತಾನೆ. ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡುತ್ತಾನೆ, ಒಂದೆರಡು ಸೌದೆ ಒಳಕ್ಕೆ ತಳ್ಳುತ್ತಾನೆ, ಮತ್ತೆ ಬಂದು ಮಲಗುತ್ತಾನೆ. ಐದಾರು ದಿನ ಇದೇ ಪಾಡು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳ ಇಂಧನದ ಕಥೆಯನ್ನು ಸಾಮಾನ್ಯವಾಗಿ ಕರೆಂಟಿನಿಂದ ಶುರು ಮಾಡುತ್ತಾರೆ. ಪಂಪ್‌ಸೆಟ್ಟು, ತ್ರೀ ಫೇಸು, ಟ್ರಾನ್ಸ್‌ಫಾರ್ಮರು. ಆದರೆ ಜುಲೈನಿಂದ ಅಕ್ಟೋಬರ್‌ವರೆಗೆ ಇಲ್ಲಿ ಕರೆಂಟಿಗಿಂತ ದೊಡ್ಡ ಹಸಿವು ಬಿಸಿಯದು. ಒಂದು ಕೆ.ಜಿ. ಹದವಾದ ಸೊಪ್ಪಿಗೆ ನಾಲ್ಕೈದು ಕೆ.ಜಿ. ಸೌದೆ ಎಂಬುದು ಈ ಭಾಗದ ಸರಳ ಲೆಕ್ಕ. ತಂಬಾಕು ಮಂಡಳಿ ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ಬೆಳೆ ಸುಮಾರು 10 ಕೋಟಿ ಕೆ.ಜಿ. ಅಷ್ಟೂ ಬೆಳೆದರೆ ಒಂದು ಹಂಗಾಮಿನಲ್ಲಿ ನಾಲ್ಕೈದು ಲಕ್ಷ ಟನ್ ಸೌದೆ ಒಲೆ ಸೇರುತ್ತದೆ. ಅದರಲ್ಲಿ ಹಾಸನದ ಕಡೆಯ ಬೆಳೆಯೂ ಸೇರಿದೆ, ಆದರೆ ಸಿಂಹಪಾಲು ಈ ನಾಲ್ಕು ತಾಲ್ಲೂಕುಗಳದ್ದೇ.

ಹೀಗಿರುವಾಗ ಭೂಮಿಯ ಒಳಗೇ ಇರುವ ಬಿಸಿಯ ಮಾತು ಬಂದರೆ ಕಿವಿ ನಿಮಿರುವುದು ಸಹಜ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಭೂಶಾಖ ನೀತಿಯನ್ನು ಪ್ರಕಟಿಸಿತು. ಐಸ್‌ಲ್ಯಾಂಡಿನಲ್ಲಿ ನೆಲದಿಂದ ಬಂದ ಬಿಸಿನೀರು ಮನೆ ಬೆಚ್ಚಗಿಡುತ್ತದೆ, ಕೀನ್ಯಾದಲ್ಲಿ ನೆಲದ ಹಬೆ ಬಲ್ಬು ಉರಿಸುತ್ತದೆ. ನಮ್ಮ ಕಾಲಡಿಯ ಬಿಸಿ ಒಂದು ಬ್ಯಾರನ್ ಬೇಯಿಸೀತೇ? ಉತ್ತರ ಹುಡುಕಲು ಬೇರೆ ನೆಲಗಳನ್ನೂ ನಮ್ಮ ನೆಲವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಬಿಸಿ ಎಲ್ಲಿಂದ ಬರುತ್ತದೆ

ಭೂಮಿಯ ಒಡಲ ಬಿಸಿಗೆ ಎರಡು ಮೂಲ. ಭೂಮಿ ರೂಪುಗೊಂಡಾಗ ಉಳಿದ ಹಳೆಯ ಕಾವು ಒಂದು. ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳು ನಿಧಾನವಾಗಿ ಕ್ಷಯಿಸುತ್ತಾ ಹೊರಬಿಡುವ ಕಾವು ಇನ್ನೊಂದು. ಎರಡೂ ಸೇರಿ ಮೇಲಕ್ಕೆ ಹರಿಯುತ್ತಲೇ ಇರುತ್ತವೆ. ಸಾಮಾನ್ಯ ನೆಲದಲ್ಲಿ ಒಂದು ಕಿಲೋಮೀಟರ್ ಕೆಳಗಿಳಿದರೆ ತಾಪ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಭೂಫಲಕಗಳು ಕೂಡುವ, ಒಡೆಯುವ, ಒಂದರಡಿ ಒಂದು ನುಗ್ಗುವ ಕಡೆ ಇದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿ ಶಿಲಾಪಾಕ ಹತ್ತಿರವಿರುತ್ತದೆ, ಬಿರುಕುಗಳಲ್ಲಿ ಇಳಿದ ಮಳೆನೀರು ಕುದಿದು ಮೇಲೇಳುತ್ತದೆ.

ಭೂಶಾಖದ ಬಳಕೆಗೆ ಮೂರು ಮೆಟ್ಟಿಲು. 150 ಡಿಗ್ರಿಗೂ ಮೇಲ್ಪಟ್ಟ ಹಬೆ ಅಥವಾ ನೀರು ಸಿಕ್ಕರೆ ಟರ್ಬೈನ್ ತಿರುಗಿಸಿ ವಿದ್ಯುತ್ ತೆಗೆಯಬಹುದು. ಅದಕ್ಕಿಂತ ಕಡಿಮೆ ಬಿಸಿಯಿದ್ದರೆ, ಬೇಗ ಕುದಿಯುವ ಬೇರೊಂದು ದ್ರವವನ್ನು ಕಾಯಿಸಿ ಅದರ ಆವಿಯಿಂದ ಟರ್ಬೈನ್ ನಡೆಸುವ ಉಪಾಯವುಂಟು. ಅಲಾಸ್ಕಾದ ಚೆನಾ (Chena) ಎಂಬ ಬಿಸಿನೀರಿನ ಬುಗ್ಗೆಯ ಊರಲ್ಲಿ 2006ರಿಂದ 74 ಡಿಗ್ರಿಯ ನೀರಲ್ಲೇ ಇದು ನಡೆದಿದೆ. ಅಲ್ಲಿ ಆವಿಯನ್ನು ಮತ್ತೆ ತಣಿಸಲು ಹಿಮದಂಥ ನೀರಿದೆ, ಅದಕ್ಕೇ ನಡೆಯಿತು. ಎರಡನೆಯ ಮೆಟ್ಟಿಲು, ಬಿಸಿಯನ್ನು ಬಿಸಿಯಾಗಿಯೇ ಬಳಸುವುದು: ಮನೆ ಬೆಚ್ಚಗಿಡಲು, ಹಸಿರುಮನೆಗೆ, ಮೀನು ಸಾಕಲು, ಒಣಗಿಸಲು. ಮೂರನೆಯದು, ಹತ್ತಿಪ್ಪತ್ತು ಮೀಟರ್ ಆಳದ ಮಣ್ಣಿನ ಬದಲಾಗದ ತಾಪವನ್ನು ಹೀಟ್ ಪಂಪ್‌ನಿಂದ ಎತ್ತಿಕೊಳ್ಳುವುದು.

ಐಸ್‌ಲ್ಯಾಂಡಿನ ಎಂಜಿನಿಯರ್ ಬಾಲ್ಡುರ್ ಲಿಂಡಾಲ್ 1973ರಲ್ಲಿ ಒಂದು ನಕ್ಷೆ ಬರೆದರು. ಒಂದು ಕಡೆ ತಾಪದ ಅಂಕಿಗಳು, ಇನ್ನೊಂದು ಕಡೆ ಆಯಾ ತಾಪದಲ್ಲಿ ಮಾಡಬಹುದಾದ ಕೆಲಸಗಳು. ಮೀನು ಸಾಕಲು ಇಷ್ಟು, ಉಣ್ಣೆ ತೊಳೆಯಲು ಇಷ್ಟು, ಕಾಗದ ಮಾಡಲು ಇಷ್ಟು ಎಂದು ಏಣಿಯ ಹಾಗೆ. ಭೂಶಾಖದ ಎಂಜಿನಿಯರುಗಳು ಇಂದಿಗೂ ಆ ನಕ್ಷೆಯಿಂದಲೇ ಆರಂಭಿಸುತ್ತಾರೆ. ನಮ್ಮ ಬ್ಯಾರನ್ ಆ ಏಣಿಯ ಎಲ್ಲಿ ಕೂರುತ್ತದೆ? ಬೆಳೆಗಾರರ ಬಾಯಲ್ಲಿ ಡಿಗ್ರಿ ಎಂದರೆ ಫ್ಯಾರನ್‌ಹೀಟ್. ಮೊದಲ ಒಂದೆರಡು ದಿನ ಎಲೆ ಹಳದಿಗೆ ತಿರುಗಲು 95–100 ಡಿಗ್ರಿ. ಆಮೇಲೆ ಎಲೆ ಒಣಗಲು ಮೆಲ್ಲಗೆ 120–130ರವರೆಗೆ. ಕೊನೆಗೆ ದಪ್ಪ ದಂಟು ಒಣಗಲು 160. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ 35ರಿಂದ 71. ಲಿಂಡಾಲ್ ಏಣಿಯಲ್ಲಿ ಇದು ಕೆಳಗಿನ ಅರ್ಧ. ಹಬೆಯೂ ಬೇಡ, ಕುದಿಯುವ ನೀರೂ ಬೇಡ. ಇಷ್ಟಕ್ಕಾಗಿ ನಾವು ನೂರಾರು ಡಿಗ್ರಿಯ ಬೆಂಕಿ ಹೊತ್ತಿಸುತ್ತೇವೆ.

ಹೊರನಾಡಿನ ನೂರಿಪ್ಪತ್ತು ವರ್ಷ

ಇಟಲಿಯ ಲಾರ್ಡರೆಲ್ಲೊದಲ್ಲಿ 1904ರ ಜುಲೈನಲ್ಲಿ ಪಿಯೆರೊ ಜಿನೋರಿ ಕೊಂಟಿ ನೆಲದ ಹಬೆಯಿಂದ ಐದು ಬಲ್ಬು ಉರಿಸಿ ತೋರಿಸಿದ. ಅದಕ್ಕೆ ಎರಡು ವರ್ಷ ಮೊದಲು, 1902ರಲ್ಲಿ, ನಮ್ಮ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿಯಾಗಿತ್ತು. ಲಾರ್ಡರೆಲ್ಲೊದಲ್ಲಿ 1913ಕ್ಕೆ 250 ಕಿಲೋವಾಟ್‌ನ ಸ್ಥಾವರ ನಿಂತಿತು. ನ್ಯೂಜಿಲೆಂಡಿನ ವೈರಾಕೆ 1958ರಲ್ಲಿ ಶುರುವಾಯಿತು. ಕೀನ್ಯಾದ ಓಲ್ಕರಿಯಾ 1981ರಲ್ಲಿ ಮೊದಲ ಘಟಕ ಕಂಡಿತು, ಇಂದು ಆ ದೇಶದ ವಿದ್ಯುತ್ತಿನಲ್ಲಿ ಶೇ 40ಕ್ಕೂ ಹೆಚ್ಚು ಭೂಶಾಖದ್ದು. ಐಸ್‌ಲ್ಯಾಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆ ನೆಲದ ಬಿಸಿಯಲ್ಲೇ ಬೆಚ್ಚಗಿರುತ್ತದೆ.

ಇಷ್ಟಾದರೂ ಜಗತ್ತಿನ ಒಟ್ಟು ಭೂಶಾಖ ವಿದ್ಯುತ್ ಸಾಮರ್ಥ್ಯ ಸುಮಾರು 16 ಸಾವಿರ ಮೆಗಾವಾಟ್ ಮಾತ್ರ. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವಾಟ್ ಎಂಬುದನ್ನು ಎದುರಿಗಿಟ್ಟರೆ ಅಳತೆ ತಿಳಿಯುತ್ತದೆ. ಸೂರ್ಯ ಮುಳುಗಿದರೂ ಗಾಳಿ ನಿಂತರೂ ಭೂಶಾಖ ನಿಲ್ಲುವುದಿಲ್ಲ, ಅದು ಅದರ ಹಿರಿಮೆ. ಆದರೆ ಬಿಸಿಯಿರುವಲ್ಲಿಗೆ ನಾವೇ ಹೋಗಬೇಕು. ಕರೆಂಟನ್ನು ತಂತಿಯಲ್ಲಿ ಸಾವಿರ ಕಿಲೋಮೀಟರ್ ಕಳಿಸಬಹುದು, ಬಿಸಿನೀರನ್ನು ಹತ್ತಿಪ್ಪತ್ತು ಕಿಲೋಮೀಟರ್ ಕಳಿಸುವುದೇ ಕಷ್ಟ.

ನಮಗೆ ಹತ್ತಿರದ ಪಾಠ ವಿದ್ಯುತ್ತಿಗಿಂತ ಒಣಗಿಸುವ ಕೆಲಸದಲ್ಲಿದೆ. ಐಸ್‌ಲ್ಯಾಂಡಿನಲ್ಲಿ ಕಾಡ್ ಮೀನಿನ ತಲೆಗಳನ್ನು ನೆಲದ ಬಿಸಿಯಲ್ಲಿ ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ, ಅಲ್ಲಿ ಅದು ಸಾರಿನ ಪದಾರ್ಥ. ಗ್ರೀಸಿನಲ್ಲಿ ಟೊಮೆಟೊ ಒಣಗಿಸಿದ್ದಾರೆ. ಕೀನ್ಯಾದ ಎಬುರ್ರುವಿನಲ್ಲಿ ರೈತರು ಪೈರೆತ್ರಂ ಹೂವನ್ನು ನೆಲದ ಹಬೆಯಲ್ಲಿ ಒಣಗಿಸುತ್ತಿದ್ದರು. ಎಲೆಯೋ ಹೂವೋ, ಬೇಕಾದದ್ದು 40–80 ಡಿಗ್ರಿಯ ಒಣಗಾಳಿ. ಅಂದರೆ ನೆಲದಡಿ ಅಷ್ಟು ಬಿಸಿಯಿದ್ದ ಊರಲ್ಲಿ ಬ್ಯಾರನ್ ನಡೆಸಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.

ಇದು ನಿಜಕ್ಕೂ ಮುಗಿಯದ ಶಕ್ತಿಯೇ ಎಂಬ ಪ್ರಶ್ನೆಯೂ ಇದೆ. ಕ್ಯಾಲಿಫೋರ್ನಿಯಾದ ಗೀಸರ್ಸ್ ಜಗತ್ತಿನ ಅತಿದೊಡ್ಡ ಭೂಶಾಖ ಕ್ಷೇತ್ರ. 1980ರ ದಶಕದಲ್ಲಿ ಅಲ್ಲಿ ಒಂದರ ಪಕ್ಕ ಒಂದು ಬಾವಿ ಕೊರೆದು ಹಬೆ ಎಳೆದರು. ದಶಕ ಮುಗಿಯುವಷ್ಟರಲ್ಲಿ ಒತ್ತಡ ಕುಸಿಯಿತು, ಉತ್ಪಾದನೆ ಇಳಿಯಿತು. ಕೆಳಗೆ ಬಿಸಿ ಇತ್ತು, ನೀರು ಮುಗಿದಿತ್ತು. ಆಮೇಲೆ 1997ರಿಂದ ಪಕ್ಕದ ಊರುಗಳ ಶುದ್ಧೀಕರಿಸಿದ ಕೊಳಚೆ ನೀರನ್ನು ಕೊಳವೆಯಲ್ಲಿ ತಂದು ನೆಲಕ್ಕಿಳಿಸಿ ಕ್ಷೇತ್ರವನ್ನು ಉಳಿಸಿಕೊಂಡರು. ಇದನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಕಪಕ್ಕದ ಹೊಲಗಳಲ್ಲಿ ಪೈಪೋಟಿಯ ಮೇಲೆ ಬೋರ್ ಕೊರೆಸಿ ಎಲ್ಲ ಬೋರೂ ಬತ್ತಿದ ಕಥೆ ಊರೂರಲ್ಲಿದೆ. ಭೂಶಾಖವೂ ಹಾಗೆಯೇ: ಇಳಿದಷ್ಟು ತೆಗೆದರೆ ಉಳಿಯುತ್ತದೆ.

ಹಿಮಾಲಯದ ಬಿಸಿ, ಬೈಲಕುಪ್ಪೆಯ ನೆನಪು

ಭಾರತದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳನ್ನು ಪಟ್ಟಿ ಮಾಡಿದೆ. ವಿದ್ಯುತ್ ಸಾಧ್ಯತೆ ಸುಮಾರು 10 ಸಾವಿರ ಮೆಗಾವಾಟ್ ಎಂಬುದು ಬಹಳ ವರ್ಷಗಳಿಂದ ಉಲ್ಲೇಖಿಸುತ್ತಾ ಬಂದ ಅಂದಾಜು. ಕೈಗೆ ಬಂದಿರುವುದು ಅದರ ಮುಂದೆ ಚಿಟಿಕೆಯಷ್ಟು. ಹಿಮಾಚಲದ ಮಣಿಕರಣ್‌ನಲ್ಲಿ ಐದು ಕಿಲೋವಾಟ್‌ನ ಪ್ರಯೋಗ ನಡೆದಿತ್ತು. ಗುರುದ್ವಾರದ ಲಂಗರಿಗೆ ಅಕ್ಕಿ ಗಂಟನ್ನು ಅಲ್ಲಿನ ಕುದಿಯುವ ಬುಗ್ಗೆಯಲ್ಲಿಳಿಸಿ ಬೇಯಿಸುವುದು ಅದಕ್ಕಿಂತ ಹಳೆಯ ಬಳಕೆ. ತೆಲಂಗಾಣದ ಮಣುಗೂರು ಬಳಿ ಕಲ್ಲಿದ್ದಲಿಗಾಗಿ ಕೊರೆದ ಬಾವಿಯಲ್ಲಿ ಬಿಸಿನೀರು ಬಂದು, ಅಲ್ಲಿ 20 ಕಿಲೋವಾಟ್‌ನ ಮಾದರಿ ಘಟಕ ಆಗಿದೆ. ಲಡಾಖ್‌ನ ಪೂಗಾ ಕಣಿವೆಯಲ್ಲಿ ಒಂದು ಮೆಗಾವಾಟ್ ಸ್ಥಾವರಕ್ಕಾಗಿ 2021ರ ಫೆಬ್ರುವರಿಯಲ್ಲಿ ಒಎನ್‌ಜಿಸಿಯ ಇಂಧನ ಕೇಂದ್ರ ಒಪ್ಪಂದ ಮಾಡಿಕೊಂಡಿತು, 2022ರಲ್ಲಿ ಕೊರೆತ ಶುರುವಾಯಿತು.

ಪೂಗಾ, ಮಣಿಕರಣ್ ಎರಡೂ ಹಿಮಾಲಯದಲ್ಲೇ ಏಕೆ? ಉತ್ತರಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬರಬೇಕು. 1961ರಲ್ಲಿ ಕಾಡು ಕಡಿದು ಮಾಡಿಕೊಟ್ಟ ಜಾಗಕ್ಕೆ ಬಂದು ನೆಲೆಸಿದ ಟಿಬೆಟನ್ನರ ಮೊದಲ ತಲೆಮಾರು ಬಿಸಿನೀರಿನ ಬುಗ್ಗೆಗಳ ನಾಡಿನಿಂದ ಬಂದದ್ದು. ಲಾಸಾದಿಂದ 90 ಕಿಲೋಮೀಟರ್ ದೂರದ ಯಾಂಗ್‌ಬಾಜಿಂಗ್‌ನಲ್ಲಿ ಚೀನಾ 1977ರಲ್ಲಿ ಭೂಶಾಖ ಸ್ಥಾವರ ಶುರು ಮಾಡಿತು. ಅದು ಬೆಳೆದು 25 ಮೆಗಾವಾಟ್ ಆಸುಪಾಸು ಮುಟ್ಟಿ ಲಾಸಾಕ್ಕೆ ಬೆಳಕು ಕೊಟ್ಟಿತು. ಆ ನಾಡನ್ನು ಬಿಸಿ ಮಾಡಿದ್ದು ನಮ್ಮದೇ ನೆಲದ ಗುದ್ದು. ಭಾರತದ ಭೂಫಲಕ ಉತ್ತರಕ್ಕೆ ತೇಲಿ ಏಷ್ಯಾಕ್ಕೆ ಡಿಕ್ಕಿ ಹೊಡೆದಾಗ ಅಂಚು ಮಡಚಿತು, ದಪ್ಪವಾಯಿತು, ಕಾದಿತು. ಡಿಕ್ಕಿ ಹೊಡೆದ ಫಲಕದ ಗಟ್ಟಿ ನಡುಭಾಗ ಮಾತ್ರ ಅಷ್ಟಾಗಿ ಅಲುಗಲಿಲ್ಲ, ಬಿಸಿಯೂ ಆಗಲಿಲ್ಲ. ಆ ನಡುಭಾಗದ ಮೇಲೆ ಇವತ್ತು ಬೈಲಕುಪ್ಪೆಯ ಜೋಳದ ಹೊಲಗಳಿವೆ.

ಸರಗೂರಿನ ಬಂಡೆ ಏಕೆ ತಂಪು

ಎಚ್.ಡಿ. ಕೋಟೆಯಿಂದ ಬೇರ್ಪಟ್ಟು ತಾಲ್ಲೂಕಾದ ಸರಗೂರಿನ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಅಲ್ಲಿನ ಶಿಲೆಗಳನ್ನು ಆಧರಿಸಿ ಹೆಸರಿಟ್ಟ 'ಸರಗೂರು ಗುಂಪು' 300 ಕೋಟಿ ವರ್ಷಕ್ಕೂ ಹಳೆಯದು, ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳಲ್ಲಿ ಒಂದು. ಸುತ್ತಲಿನದು ಧಾರವಾಡ ಕ್ರೇಟಾನ್ ಎಂದು ಕರೆಯುವ ಪುರಾತನ ನೆಲಗಟ್ಟು. ಇಷ್ಟು ಹಳೆಯ ನೆಲಕ್ಕೆ ಮೂರು ಗುಣ. ಅಡಿಪಾಯ ದಪ್ಪ, ಆದ್ದರಿಂದ ಕೆಳಗಿನ ಬಿಸಿ ಬೇಗ ಮೇಲೆ ಮುಟ್ಟುವುದಿಲ್ಲ. ಬಿಸಿ ಹುಟ್ಟಿಸುವ ಧಾತುಗಳಲ್ಲಿ ಬಹುಪಾಲು ಮೇಲ್ಪದರದಲ್ಲಿದ್ದವು, ಆ ಮೇಲ್ಪದರ ಕೋಟ್ಯಂತರ ವರ್ಷ ಸವೆದು ಹೋಗಿದೆ, ಮೈಸೂರಿನಿಂದ ದಕ್ಷಿಣಕ್ಕೆ ಹೋದಷ್ಟೂ ಇನ್ನೂ ಹೆಚ್ಚು. ಜೊತೆಗೆ, ಇತ್ತೀಚಿನ ಯುಗದಲ್ಲಿ ಇಲ್ಲಿ ಜ್ವಾಲಾಮುಖಿ ಇಲ್ಲ. ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆ ಎಂದು ಎಲ್ಲರೂ ಹೆಸರಿಸುವುದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ. ಅದರ ನೀರೂ 40 ಡಿಗ್ರಿಯ ಒಳಗೆ, ಸ್ನಾನಕ್ಕೆ ಹಿತ, ಅಷ್ಟೇ.

ನಮ್ಮ ನೆಲದ ಬಿಸಿಯನ್ನು ಅಳೆದು ನೋಡಿದ ಅತಿ ಆಳದ ಜಾಗ ಕೋಲಾರದ ಚಿನ್ನದ ಗಣಿ. ಮೈಸೂರಿನಿಂದ ದೂರವಾದರೂ ಅದೂ ಧಾರವಾಡ ಕ್ರೇಟಾನಿನದೇ ಒಡಲು. ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3.2 ಕಿಲೋಮೀಟರ್ ಇಳಿದಿತ್ತು. ಅಲ್ಲಿ ಬಂಡೆಯ ತಾಪ 65 ಡಿಗ್ರಿ ದಾಟುತ್ತಿತ್ತು. ಗಣಿ ಕೆಲಸಗಾರರು ಬದುಕಲು ಮೇಲಿನಿಂದ ತಣ್ಣನೆ ಗಾಳಿ ಊದಬೇಕಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಮೇಲಿನ ನೆಲದ 26 ಡಿಗ್ರಿಯನ್ನು ಕಳೆದು ಭಾಗಿಸಿದರೆ ಕಿಲೋಮೀಟರಿಗೆ 13 ಡಿಗ್ರಿಯ ಆಸುಪಾಸು ಬರುತ್ತದೆ, ಅಂದರೆ ಜಗತ್ತಿನ ಸರಾಸರಿಯ ಅರ್ಧ.

ಈಗ ಬ್ಯಾರನ್ನಿನ ಥರ್ಮಾಮೀಟರನ್ನು ನೆನೆಯಿರಿ. ಕೊನೆಯ ರಾತ್ರಿ ದಂಟು ಒಣಗಿಸಲು ಬೇಕಾದ ತಾಪ, ಕೋಲಾರದ ಗಣಿಯ ತಳದ ಬಂಡೆಯ ತಾಪ, ಎರಡೂ ಹೆಚ್ಚುಕಡಿಮೆ ಒಂದೇ. ಹುಣಸೂರಿನ ಹೊಲದಲ್ಲಿ ಅದೇ ಲೆಕ್ಕ ಹಿಡಿದು ನೆಲದ ಬಿಸಿಯಿಂದ ಸೊಪ್ಪು ಒಣಗಿಸಬೇಕಾದರೆ ಹತ್ತು ಸಾವಿರ ಅಡಿಗೂ ಆಳದ ಬಾವಿ ಬೇಕು. ನೀರು ಕುದಿಯುವ ತಾಪಕ್ಕೆ ಆರು ಕಿಲೋಮೀಟರ್, ವಿದ್ಯುತ್ತಿಗೆ ಒಗ್ಗುವ 150 ಡಿಗ್ರಿಗೆ ಒಂಬತ್ತು ಹತ್ತು ಕಿಲೋಮೀಟರ್. ಉತ್ಪ್ರೇಕ್ಷೆ ಎನಿಸಿದರೆ ರಷ್ಯಾದ ಕೋಲಾ ಬಾವಿಯನ್ನು ನೋಡಬಹುದು. ಅದೂ ನಮ್ಮಂಥದೇ ಪುರಾತನ ನೆಲ. 1970ರಲ್ಲಿ ಕೊರೆಯಲು ಶುರು ಮಾಡಿ 1989ಕ್ಕೆ 12,262 ಮೀಟರ್ ಮುಟ್ಟಿದರು, ತಳದಲ್ಲಿ ಸಿಕ್ಕಿದ್ದು 180 ಡಿಗ್ರಿ.

ಇನ್ನೊಂದು ಲೆಕ್ಕವೂ ಇದೆ. ಧಾರವಾಡ ಕ್ರೇಟಾನಿನಲ್ಲಿ ನೆಲದಿಂದ ಮೇಲಕ್ಕೆ ಹರಿಯುವ ಬಿಸಿ ಚದರ ಮೀಟರಿಗೆ ಸುಮಾರು 40 ಮಿಲಿವಾಟ್. ಒಂದು ಎಕರೆಗೆ ಕೂಡಿಸಿದರೆ 160 ವಾಟ್, ಎರಡು ಸೀಲಿಂಗ್ ಫ್ಯಾನ್ ತಿರುಗುವಷ್ಟು. ದಿನಕ್ಕೆ ನಾಲ್ಕು ಯೂನಿಟ್. ಅದೇ ಎಕರೆಯ ಮೇಲೆ ಬೀಳುವ ಬಿಸಿಲು ಸರಾಸರಿ ದಿನಕ್ಕೆ 20 ಸಾವಿರ ಯೂನಿಟ್. ಒಂದು ಎಕರೆಯಲ್ಲಿ 500 ಕೆ.ಜಿ. ಸೊಪ್ಪು ಬಂದರೆ ಅದನ್ನು ಬೇಯಿಸಲು ಸುಡುವ ಸೌದೆಯಲ್ಲಿ 10 ಸಾವಿರ ಯೂನಿಟ್‌ನಷ್ಟು ಬಿಸಿ ಇದೆ. ಕಾಲಡಿಯಿಂದ ಆ ಎಕರೆಗೆ ವರ್ಷಪೂರ್ತಿ ಬರುವುದು 1,400 ಯೂನಿಟ್. ಬಂಡೆಯಲ್ಲಿ ಆಗಲೇ ಕೂಡಿಟ್ಟ ಬಿಸಿ ಇದಕ್ಕಿಂತ ಬಹಳ ದೊಡ್ಡದು ನಿಜ. ಅದನ್ನು ತೆಗೆದರೆ ಮತ್ತೆ ತುಂಬಲು ಸಾವಿರಾರು ವರ್ಷ ಬೇಕು. ಆಗ ಅದು ಗಣಿಗಾರಿಕೆಯೇ ಆಗುತ್ತದೆ.

ಆಳಕ್ಕೆ ಕೊರೆಯುವ ಹೊಸ ಆಸೆ

ನೀರಿಲ್ಲದ ಬಿಸಿ ಬಂಡೆಯನ್ನು ಒತ್ತಡದ ನೀರಿನಿಂದ ಸೀಳಿ, ಒಂದು ಬಾವಿಯಲ್ಲಿ ನೀರಿಳಿಸಿ ಇನ್ನೊಂದರಲ್ಲಿ ಬಿಸಿನೀರು ಎತ್ತುವ ತಂತ್ರ ಈಚೆಗೆ ಸುದ್ದಿಯಲ್ಲಿದೆ. ತೈಲ ಉದ್ಯಮ ಕಲಿತ ಅಡ್ಡ ಕೊರೆತದ ವಿದ್ಯೆಯನ್ನು ಅಮೆರಿಕದ ನೆವಾಡಾ, ಯೂಟಾಗಳಲ್ಲಿ ಬಳಸುತ್ತಿದ್ದಾರೆ. 2023ರಲ್ಲಿ ನೆವಾಡಾದ ಪ್ರಯೋಗ ಗೆದ್ದಿತು. ಆದರೆ ಅಲ್ಲಿ ಎರಡು ಮೂರು ಕಿಲೋಮೀಟರಿಗೇ 190–200 ಡಿಗ್ರಿ ಸಿಗುತ್ತದೆ. ಆಸ್ಟ್ರೇಲಿಯಾದ ಕೂಪರ್ ಬೇಸಿನ್‌ನಲ್ಲಿ ಒಂದು ಮೆಗಾವಾಟ್ ಘಟಕ 2013ರಲ್ಲಿ ಓಡಿತು, ಖರ್ಚು ಹುಟ್ಟದೆ ಮುಂದೆ ಮುಚ್ಚಿತು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ ನೆಲಕ್ಕೆ ನೀರು ಒತ್ತಿದ ಕಡೆ 2017ರ ನವೆಂಬರ್‌ನಲ್ಲಿ 5.4ರ ಭೂಕಂಪವಾಯಿತು, ಸರ್ಕಾರ ನೇಮಿಸಿದ ತಂಡ ಕಾರಣವನ್ನು ಆ ಕೊರೆತದತ್ತಲೇ ತೋರಿಸಿತು. ಕಬಿನಿ, ನುಗು ಅಣೆಕಟ್ಟುಗಳಿರುವ, ಕುಡಿಯುವ ನೀರಿಗೇ ಬೋರ್ ನಂಬಿದ ಊರುಗಳಲ್ಲಿ ತಂಪು ಬಂಡೆಯ ಮೇಲೆ ಇಂಥ ಪ್ರಯೋಗಕ್ಕೆ ಹಣ ಹಾಕುವುದರಲ್ಲಿ ಅರ್ಥವಿಲ್ಲ. ದೇಶ ಭೂಶಾಖಕ್ಕೆ ಮೀಸಲಿಡುವ ಹಣ ಮೊದಲು ಪೂಗಾದಂಥ ಕಡೆಗೇ ಹೋಗಲಿ.

ಬೋರ್ ನೀರಿನ ಬಿಸುಪು

ಭೂಶಾಖದ ಮೂರನೆಯ ಮೆಟ್ಟಿಲಾದ ಹೀಟ್ ಪಂಪ್ ನಮಗೂ ಎಟುಕುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬೋರ್ ನೀರಿಗೆ ಕೈಯೊಡ್ಡಿದರೆ ಬೆಚ್ಚಗಿರುತ್ತದೆ, ಏಪ್ರಿಲ್ ಮಧ್ಯಾಹ್ನ ಅದೇ ನೀರು ತಣ್ಣಗೆ. ಬದಲಾಗುವುದು ಗಾಳಿ, ನೀರಲ್ಲ. ಹತ್ತು ಮೀಟರ್ ಕೆಳಗೆ ಮಣ್ಣಿನ ತಾಪ ವರ್ಷವಿಡೀ 25–27 ಡಿಗ್ರಿಯ ನಡುವೆ ನಿಂತಿರುತ್ತದೆ. ಫ್ರಿಜ್ ಒಳಗಿನ ಬಿಸಿಯನ್ನು ಎತ್ತಿ ಹಿಂದುಗಡೆ ಬಿಡುವಂತೆ, ಹೀಟ್ ಪಂಪ್ ಮಣ್ಣಿನ ಅಥವಾ ಗಾಳಿಯ ಬಿಸಿಯನ್ನು ಎತ್ತಿ ಬೇಕಾದ ಕಡೆ ಸುರಿಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಎರಡೂವರೆ, ಮೂರು ಯೂನಿಟ್ ಬಿಸಿ. ಸ್ವೀಡನ್ನಿನ ಲಕ್ಷಾಂತರ ಮನೆಗಳು ಮಣ್ಣಿಗೆ ಕೊಳವೆ ಇಳಿಸಿ ಚಳಿಗಾಲ ಕಳೆಯುತ್ತವೆ. ಗುರುಗ್ರಾಮದ ಬಳಿಯ ಟೇರಿ ಸಂಸ್ಥೆಯ ಕಟ್ಟಡಕ್ಕೆ ನೆಲದಡಿಯ ಸುರಂಗದಲ್ಲಿ ಹಾಯ್ದ ಗಾಳಿ ತಂಪು ಕೊಡುತ್ತದೆ.

ಆದರೆ ಸ್ವೀಡನ್ನಿನ ಗಾಳಿ ಶೂನ್ಯಕ್ಕಿಳಿಯುವುದರಿಂದ ಅಲ್ಲಿ ಮಣ್ಣಿಗೆ ಬೆಲೆ. ಹುಣಸೂರಿನ ಆಗಸ್ಟ್ ಗಾಳಿ, ಹುಣಸೂರಿನ ಮಣ್ಣು, ಎರಡರ ತಾಪಕ್ಕೂ ಹೆಚ್ಚು ಅಂತರವಿಲ್ಲ. ಬಾವಿ ಕೊರೆಸುವ ಖರ್ಚಿಲ್ಲದೆ ಗಾಳಿಯಿಂದಲೇ ಬಿಸಿ ಎತ್ತಬಹುದು. ಬ್ಯಾರನ್ನಿಗಂತೂ ಇನ್ನೂ ಒಳ್ಳೆಯ ಮೂಲ ಅದರದೇ ಬಿಸಿ ಹಬೆಗಾಳಿ. ಎಲೆಯಿಂದ ಎದ್ದ ತೇವವನ್ನು ತಣಿಸಿ ನೀರು ಮಾಡಿದರೆ ಅದರಲ್ಲಿ ಅಡಗಿದ ಬಿಸಿ ಮತ್ತೆ ಕೈಗೆ ಬರುತ್ತದೆ. ಚೀನಾದ ತಂಬಾಕು ಪ್ರದೇಶಗಳಲ್ಲಿ ಕಲ್ಲಿದ್ದಲಿನ ಬ್ಯಾರನ್‌ಗಳ ಬದಲು ಇಂಥ ಹೀಟ್ ಪಂಪ್ ಬ್ಯಾರನ್‌ಗಳು ಬಂದಿವೆ.

ಬ್ಯಾರನ್ನಿನ ಲೆಕ್ಕಪುಸ್ತಕ

ಒಂದು ಕೆ.ಜಿ. ಹದವಾದ ಸೊಪ್ಪಿಗೆ ಐದಾರು ಕೆ.ಜಿ. ನೀರು ಹಸಿ ಎಲೆಯಿಂದ ಆವಿಯಾಗಬೇಕು. ಅದಕ್ಕೆ ಬೇಕಾದ ಬಿಸಿ ಸುಮಾರು ನಾಲ್ಕು ಯೂನಿಟ್. ನಾವು ಸುಡುವ ಐದು ಕೆ.ಜಿ. ಸೌದೆಯಲ್ಲಿರುವುದು 20 ಯೂನಿಟ್. ಉಳಿದ 16 ಎಲ್ಲಿ ಹೋಯಿತು? ಸ್ವಲ್ಪ ಚಿಮಣಿಯಲ್ಲಿ, ಸ್ವಲ್ಪ ಹಸಿ ಸೌದೆಯ ತೇವ ಒಣಗಿಸುವುದರಲ್ಲಿ, ಮಿಕ್ಕಿದ್ದು ಹಂಚಿನ ಸಂದಿಯಲ್ಲಿ, ಗೋಡೆಯಲ್ಲಿ, ಸರಿಯಾಗಿ ಮುಚ್ಚದ ಬಾಗಿಲಲ್ಲಿ. ಮಳೆಯಲ್ಲಿ ನೆನೆದ ಸೌದೆಯನ್ನೇ ಒಲೆಗೆ ಹಾಕುವ ಊರಲ್ಲಿ ಈ ನಷ್ಟ ಇನ್ನೂ ಹೆಚ್ಚು. ಚಾವಣಿಗೆ ಬಿಸಿ ತಡೆಯುವ ಹೊದಿಕೆ, ಗಾಳಿ ಸರಿಯಾಗಿ ಸೇರುವ ವೆಂಚುರಿ ಒಲೆ, ಬೇಸಿಗೆಯಲ್ಲೇ ಒಣಗಿಸಿಟ್ಟ ಸೌದೆ, ಕಾಫಿ ಸಿಪ್ಪೆಯ ಇಟ್ಟಿಗೆ, ಕಡ್ಡಿ ಕಟ್ಟದೆ ತುಂಬುವ ಲೂಸ್ ಲೀಫ್ ಬ್ಯಾರನ್. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರೂ ಮಂಡಳಿಯವರೂ ವರ್ಷಗಳಿಂದ ಹೇಳುತ್ತಾ ಬಂದ ಮಾತುಗಳಿವು. ಹೊಸದೇನಲ್ಲ, ಆದರೆ ಹೋಗುವ 16 ಯೂನಿಟ್‌ನಲ್ಲಿ ಐದನ್ನು ಹಿಡಿದು ನಿಲ್ಲಿಸಿದರೂ ಕಾಲು ಭಾಗ ಸೌದೆ ಉಳಿಯಿತು. ಕೊಡಗಿನ ತೋಟದ ಸಿಲ್ವರ್ ಓಕ್, ಹೊಲದ ಬದುವಿನ ನೀಲಗಿರಿ, ನಾಗರಹೊಳೆ ಅಂಚಿನ ಮರ, ಇವುಗಳ ಮೇಲೆ ಬೀಳುವ ಕೊಡಲಿಗೂ ಅಷ್ಟು ಬಿಡುವು.

ಬಿಸಿಲನ್ನು ಏಕೆ ಬಳಸಬಾರದು ಎಂದು ಯಾರಾದರೂ ಕೇಳಬಹುದು. ಮೈಸೂರಿನ ಮನೆಗಳ ಮೇಲಿನ ಸೋಲಾರ್ ಹೀಟರ್ ಕೊಡುವ 60 ಡಿಗ್ರಿ, ಬ್ಯಾರನ್ನಿಗೆ ಬಹುಮಟ್ಟಿಗೆ ಸಾಕು. ತೊಡಕು ಪಂಚಾಂಗದ್ದು. ಸೊಪ್ಪು ಮುರಿಯುವುದೂ ಬೇಯಿಸುವುದೂ ಆಷಾಢ ಶ್ರಾವಣದ ಮೋಡದಡಿ, ಕೆಲಸ ಹಗಲುರಾತ್ರಿ. ಆದರೆ ಅದೇ ಪಂಚಾಂಗ ಇನ್ನೊಂದು ಬಾಗಿಲು ತೆರೆಯುತ್ತದೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ವರ್ಷದಲ್ಲಿ ಅತಿ ಹೆಚ್ಚು ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಣೆಕಟ್ಟುಗಳು ತುಂಬುವುದೂ ಆಗಲೇ. ಮಳೆ ಬಿದ್ದುದರಿಂದ ಪಂಪ್‌ಸೆಟ್ಟುಗಳ ಹೊರೆ ಇಳಿದಿರುತ್ತದೆ. ಅಂದರೆ ಬ್ಯಾರನ್‌ಗಳಿಗೆ ಬಿಸಿ ಬೇಕಾದ ತಿಂಗಳುಗಳಲ್ಲೇ ರಾಜ್ಯದ ತಂತಿಗಳಲ್ಲಿ ಗಾಳಿ ನೀರಿನ ಕರೆಂಟು ಹೆಚ್ಚು.

ಹೊದಿಕೆ ಸರಿಯಿರುವ ಬ್ಯಾರನ್‌ಗೆ ಸೋರಿಕೆಯೂ ಸೇರಿ ಕೆ.ಜಿ. ಸೊಪ್ಪಿಗೆ ಎಂಟು ಯೂನಿಟ್ ಬಿಸಿ ಬೇಕೆಂದಿಟ್ಟುಕೊಳ್ಳೋಣ. ಹೀಟ್ ಪಂಪ್ ಅದನ್ನು ಮೂರು ಯೂನಿಟ್ ಕರೆಂಟಿನಲ್ಲಿ ಕೊಡುತ್ತದೆ. ಒಂದು ಸಲಕ್ಕೆ 300 ಕೆ.ಜಿ. ಬೇಯುವ ಬ್ಯಾರನ್ ಎಂದರೆ ಆರು ದಿನಕ್ಕೆ 900 ಯೂನಿಟ್, ಗಂಟೆಗೆ ಆರು ಯೂನಿಟ್ ಚಿಲ್ಲರೆ. ಒಂದು ನೀರಾವರಿ ಪಂಪಿನಷ್ಟೇ ಹೊರೆ. ಆದರೆ ಪಂಪ್ ಒಂದು ರಾತ್ರಿ ನಿಂತರೆ ಬೆಳಗ್ಗೆ ಮತ್ತೆ ಹಾಕಬಹುದು. ಹಳದಿ ತಿರುಗುವ ಹೊತ್ತಲ್ಲಿ ಬ್ಯಾರನ್ನಿನ ಬಿಸಿ ನಿಂತರೆ ಎಲೆ ಕಪ್ಪಾಗುತ್ತದೆ, ಹರಾಜು ಕಟ್ಟೆಯಲ್ಲಿ ಅದರ ದರ ಬಿದ್ದುಹೋಗುತ್ತದೆ. ಹಳ್ಳಿ ಫೀಡರಿನಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಇರುವವರೆಗೆ ಯಾವ ಬೆಳೆಗಾರನೂ ಸೌದೆ ಒಲೆ ಕಿತ್ತುಹಾಕುವುದಿಲ್ಲ, ಹಾಕಲೂಬಾರದು. ಯಂತ್ರದ ಬೆಲೆಯೂ ಒಬ್ಬ ರೈತನ ಕೈಗೆ ಮೀರಿದ್ದು. ಹಾಗಾಗಿ ಇದು ಹೊಲಹೊಲದ ಪರಿಹಾರ ಆಗಲಾರದು. ಇಪ್ಪತ್ತನಾಲ್ಕು ಗಂಟೆ ತ್ರೀ ಫೇಸ್ ಇರುವ ಪಟ್ಟಣದಂಚಿನಲ್ಲಿ, ಸಹಕಾರ ಸಂಘದ ಹೆಸರಲ್ಲಿ, ಸೌದೆ ಒಲೆಯನ್ನೂ ತುರ್ತಿಗೆ ಇಟ್ಟುಕೊಂಡ ಸಾಮೂಹಿಕ ಬ್ಯಾರನ್‌ಗಳಲ್ಲಿ ಮೊದಲು ಪರೀಕ್ಷಿಸಿ ನೋಡಬೇಕಾದ ಸಂಗತಿ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ತಂಬಾಕಿನ ಬೇಡಿಕೆ ತಗ್ಗಿಸುವ ಜಾಗತಿಕ ಒಪ್ಪಂದಕ್ಕೆ ಭಾರತ 2004ರಲ್ಲೇ ಅನುಮೋದನೆ ಕೊಟ್ಟಿದೆ. ಕರ್ನಾಟಕದಲ್ಲಿ ಸುಮಾರು 40 ಸಾವಿರ ನೋಂದಾಯಿತ ಬೆಳೆಗಾರರ ಬದುಕು ಈ ಬೆಳೆಯ ಮೇಲಿದ್ದರೂ, ಇನ್ನು ಮೂವತ್ತು ವರ್ಷ ಹೀಗೇ ಇರುತ್ತದೆಂದು ಲೈಸೆನ್ಸ್ ಇದ್ದವರೂ ಹೇಳಲಾರರು. ತಂಬಾಕಿಗೆಂದೇ ಕಟ್ಟಿದ ಯಂತ್ರ ನಾಳೆ ಮೂಲೆಗೆ ಬೀಳಬಾರದು. 50–60 ಡಿಗ್ರಿಯ ಒಣಗಾಳಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಶುಂಠಿಗೂ ಬೇಕು. ಕೊಯ್ಲಿನ ಹೊತ್ತಲ್ಲಿ ಅಕಾಲ ಮಳೆ ಬಿದ್ದರೆ ಕೆ.ಆರ್. ನಗರದ ಭತ್ತಕ್ಕೂ ಮೆಣಸಿನಕಾಯಿಗೂ ಇನ್ನಷ್ಟು ಮೆದು ಬಿಸಿ ಬೇಕು. ಹೊಗೆಸೊಪ್ಪಿನ ನೆಪದಲ್ಲಿ ಕಟ್ಟುವ ಒಣಗಿಸುವ ಮನೆ ಮುಂದೆ ಹೊಗೆಸೊಪ್ಪು ಬಿಟ್ಟವರಿಗೂ ಆಸರೆಯಾಗಬೇಕು.

ಕೈಯಿಟ್ಟು ನೋಡುವುದು

ಒಟ್ಟು ಮಾಡಿ ಹೇಳುವುದಾದರೆ, ಭೂಶಾಖ ನಿಜವಾದ ಶಕ್ತಿ, ಆದರೆ ಈ ನಾಲ್ಕು ತಾಲ್ಲೂಕುಗಳ ಅಡಿಯಲ್ಲಿ ಅದು ಆಳ, ನಿಧಾನ, ಸ್ವಲ್ಪ. ವಿದ್ಯುತ್ತಿಗೆ ಸಾಲದು, ನೇರ ಬಿಸಿಗೂ ಎಟುಕದು. ಇಲ್ಲಿನ ಸಾವಿರಾರು ಬೋರ್‌ಗಳಲ್ಲಿ ಕೆಲವಕ್ಕಾದರೂ ಥರ್ಮಾಮೀಟರ್ ಇಳಿಸಿ ಆಳಕ್ಕೆ ತಕ್ಕ ತಾಪ ಬರೆದಿಡುವುದು ಕಾಲೇಜು ಹುಡುಗರೂ ಮಾಡಬಹುದಾದ ಅಗ್ಗದ ಕೆಲಸ. ಕೋಲಾರದ ಅಂಕಿ ನಮ್ಮೂರಿಗೆ ಎಷ್ಟು ಹೊಂದುತ್ತದೆಂದು ಆಗ ತಿಳಿಯುತ್ತದೆ. ಆದರೆ ಆಶ್ಚರ್ಯ ಕಾದಿದೆ ಎಂದು ಆಸೆ ಹುಟ್ಟಿಸುವುದು ಸರಿಯಲ್ಲ.

ನಾವು ಎರವಲು ತರಬೇಕಾದದ್ದು ಐಸ್‌ಲ್ಯಾಂಡಿನ ಹಬೆಯನ್ನಲ್ಲ, ಲಿಂಡಾಲನ ಏಣಿಯನ್ನು. ಯಾವ ಕೆಲಸಕ್ಕೆ ಎಷ್ಟು ಬಿಸಿ ಬೇಕು, ಅಷ್ಟೇ ಎಲ್ಲಿ ಸಿಗುತ್ತದೆ, ಬಂದ ಬಿಸಿ ಎಲ್ಲಿ ಸೋರುತ್ತದೆ ಎಂದು ಕೇಳುವ ರೂಢಿ ಅದು. ಆ ಪ್ರಶ್ನೆಗೆ ಯಂತ್ರ ಬೇಡ. ಈ ಹಂಗಾಮಿನ ಯಾವುದಾದರೂ ರಾತ್ರಿ, ಮೂರನೆಯ ದಿನದ ಬ್ಯಾರನ್ ಉರಿಯುತ್ತಿರುವಾಗ, ಒಲೆಯಿಲ್ಲದ ಕಡೆಯ ಗೋಡೆಗೆ ಹೊರಗಿನಿಂದ ಅಂಗೈ ಒತ್ತಿ ನೋಡಿ. ಮಳೆಯಲ್ಲಿ ನೆನೆದ ಇಟ್ಟಿಗೆ ಬೆಚ್ಚಗಿರುತ್ತದೆ, ಅದರ ಮೇಲೆ ಬಿದ್ದ ಹನಿ ಬೇಗ ಆರುತ್ತದೆ. ಹತ್ತು ಸಾವಿರ ಅಡಿ ಕೊರೆದರೆ ಸಿಗಬಹುದಾದ ಬಿಸಿ ಅಲ್ಲಿ, ಅಂಗೈಯಗಲದಲ್ಲಿ, ರಾತ್ರಿಯಿಡೀ ಹೊರಗೆ ಹೋಗುತ್ತಿರುತ್ತದೆ.